ಔಷಧಿ ಕಿಟಕಿಯಿಂದ: ಹೇಳಿದರೆ ಕೇಳುವವರಿರಬೇಕು

ಕಳೆದ ರಜೆಯಲ್ಲಿ ಊರಿನ ಬದಲು ಅಡಿಲೇಡ್‌ಗೆ, ಅಕ್ಕನ ಮಗನ ಮನೆಗೆ ಹೋಗಿದ್ದೆ. ಅವನು ಅಲ್ಲೊಂದು ಸಣ್ಣ ಸ್ಟಾರ್ಟಪ್‌ನಲ್ಲಿದ್ದಾನೆ. ನಾರ್ತ್ ಟೆರೇಸ್ ರಸ್ತೆಯ ಲಾಟ್ ಫೋರ್ಟೀನ್ ತೋರಿಸಿದ. 2017ರವರೆಗೆ ಅದು ರಾಯಲ್ ಅಡಿಲೇಡ್ ಆಸ್ಪತ್ರೆ. ಈಗ ಸ್ಟಾರ್ಟಪ್‌ಗಳು, ಆಸ್ಟ್ರೇಲಿಯಾದ ಬಾಹ್ಯಾಕಾಶ ಸಂಸ್ಥೆಯ ಕಚೇರಿ. ನನಗಾದರೋ ಫಾರ್ಮಸಿ ಯಾವ ಮೂಲೆಯಲ್ಲಿತ್ತು ಎಂಬುದೇ ಯೋಚನೆ!

"ಮಾವ, ನಮ್ಮಲ್ಲಿ ಬೆಳಗಿನ ಮೀಟಿಂಗ್‌ನಲ್ಲಿ ನಿನ್ನೆ ಏನು ಕೆಟ್ಟಿತು ಅಂತ ಮೊದಲು ಬಾಸೇ ಹೇಳ್ತಾರೆ, ಆಮೇಲೆ ನಾವು" ಎಂದ. ನಕ್ಕುಬಿಟ್ಟೆ. ಬಾಸ್ ತಪ್ಪು ಮಾಡುವುದುಂಟೇ?

ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಹಿಂದೆ ನಾನಿದ್ದ ಆಸ್ಪತ್ರೆಯಲ್ಲಿ ಒಂದೇ ಬಣ್ಣದ ಡಬ್ಬಿಯ ಎರಡು ಇಂಜೆಕ್ಷನ್ ಅಕ್ಕಪಕ್ಕ ಇಡುತ್ತಿದ್ದರು. ನಮ್ಮೂರ ಕಡೆಯ ಸಹಾಯಕ ಹುಡುಗ "ಬೇರೆ ಇಡೋಣ ಅಣ್ಣಾ" ಎಂದಿದ್ದ. "ಸುಮ್ಮನಿರಪ್ಪ, ವೀಸಾ ಅವರದ್ದು" ಎಂದವನು ನಾನೇ. ತಿಂಗಳೊಳಗೆ ತಪ್ಪು ಡಬ್ಬಿ ವಾರ್ಡಿಗೆ ಹೋಯಿತು. ಪುಣ್ಯಕ್ಕೆ ನರ್ಸ್ ನೋಡಿದಳು. ವಾರ್ನಿಂಗ್ ಲೆಟರ್ ಬಂದದ್ದು ಆ ಹುಡುಗನಿಗೆ. ನಾನು ಬಾಯಿ ಬಿಡಲಿಲ್ಲ.

ಪರ್ತ್‌ನ ಕಥೆ ನಮ್ಮ ಕಸುಬಿನವರಿಗೆ ಗೊತ್ತಿರುವುದೇ. ಹೊಟ್ಟೆಯ ಆಮ್ಲದಲ್ಲಿ ಬ್ಯಾಕ್ಟೀರಿಯಾ ಬದುಕುವುದಿಲ್ಲ, ಅಲ್ಸರ್ ಬರುವುದು ಟೆನ್ಷನ್‌ನಿಂದ, ಖಾರದಿಂದ ಎಂದು ಎಲ್ಲರೂ ನಂಬಿದ್ದ ಕಾಲ. ರಾಯಲ್ ಪರ್ತ್ ಆಸ್ಪತ್ರೆಯ ರಾಬಿನ್ ವಾರೆನ್ 1979ರಲ್ಲೇ ಅವನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. ನಂಬಿದವರು ಕಡಿಮೆ. ಇನ್ನೂ ತರಬೇತಿಯಲ್ಲಿದ್ದ ಬ್ಯಾರಿ ಮಾರ್ಷಲ್ ಜೊತೆಗೂಡಿದರು. ಲ್ಯಾಬಿನ ರೂಢಿ, ಎರಡು ದಿನಕ್ಕೆ ಏನೂ ಬೆಳೆಯದಿದ್ದರೆ ತಟ್ಟೆ ಎಸೆಯುವುದು. 1982ರ ಈಸ್ಟರ್ ರಜೆಯಲ್ಲಿ ತಟ್ಟೆ ಹಾಗೇ ಉಳಿಯಿತು, ಬ್ಯಾಕ್ಟೀರಿಯಾ ಬೆಳೆದಿತ್ತು! 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಕಾಯಿಲೆ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್. ಇಂದು ಒಮೆಪ್ರಜೋಲ್ ಜೊತೆ ಎರಡು ಆಂಟಿಬಯೋಟಿಕ್ ಬರೆದ ಚೀಟಿ ಬಂದಾಗಲೆಲ್ಲ ನನಗೆ ಆ ತಟ್ಟೆಯ ನೆನಪು.

ಬ್ರಿಸ್ಬೇನ್‌ನಲ್ಲಿ ವ್ಯಾಕ್ಸಾಸ್ ಎಂಬ ಕಂಪನಿ ಚರ್ಮಕ್ಕೆ ಒತ್ತುವ ಲಸಿಕೆ ಪಟ್ಟಿಗಾಗಿ 2011ರಿಂದ ದುಡಿಯುತ್ತಿದೆ. ಸೋತದ್ದನ್ನು ಮುಚ್ಚಿಡುವ ಕಡೆ ಅಷ್ಟು ವರ್ಷ ಇಂಥ ಕೆಲಸ ನಡೆಯುವುದು ಕಷ್ಟ.

ಹಾಗಂತ ಅಲ್ಲೆಲ್ಲ ಸ್ವರ್ಗವಲ್ಲ. "ಹೂಡಿಕೆ ದುಡ್ಡು ಮುಗಿದರೆ ಸಂಜೆಯೊಳಗೆ ಎಲ್ಲರೂ ಮನೆಗೆ ಮಾವ" ಎಂದ ಅಳಿಯ. ಭಯ ಅವನಿಗೂ ಇದೆ. ಆದರೆ ಬಾಯಿ ತೆರೆಯಲು ಅಲ್ಲ.

ಈಗ ನಮ್ಮ ಕೌಂಟರಿನಲ್ಲಿ ವಾರಕ್ಕೊಮ್ಮೆ ನನ್ನ ತಪ್ಪನ್ನು ಮೊದಲು ನಾನೇ ಹೇಳುತ್ತೇನೆ. ಮೊದಲ ಮೂರು ವಾರ ಯಾರೂ ಮಾತಾಡಲಿಲ್ಲ. ನಾಲ್ಕನೆಯ ವಾರ ಒಬ್ಬ ಮಾತಾಡಿದ.

ಕಳೆದ ತಿಂಗಳು ಆ ಹಳೆಯ ಹುಡುಗನಿಗೆ ಫೋನ್ ಮಾಡಿದೆ. ಊರಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದಾನೆ. ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಡಿ ಅಣ್ಣಾ, ನನ್ನ ಅಂಗಡಿಯಲ್ಲಿ ಒಂದೇ ಬಣ್ಣದ ಡಬ್ಬಿಗಳು ಬೇರೆ ಬೇರೆ ಕಪಾಟಿನಲ್ಲಿವೆ" ಎಂದ.