ಶಾಸಕರ ಸಂಬಳವೂ ಸದನದ ಗದ್ದಲವೂ

2025ರ ಮಾರ್ಚ್ 21ರಂದು ವಿಧಾನಸೌಧದಲ್ಲಿ ನಡೆದುದನ್ನು ವಾಚಕ ಬಂಧುಗಳು ಮರೆತಿರಲಾರರು. ಒಂದೆಡೆ ಕೂಗಾಟ, ಕಾಗದಗಳ ತೂರಾಟ. ಆ ಗದ್ದಲದ ನಡುವೆಯೇ ಶಾಸಕರ ಸಂಬಳವನ್ನು 40 ಸಾವಿರದಿಂದ 80 ಸಾವಿರ ರೂಪಾಯಿಗೂ, ಮುಖ್ಯಮಂತ್ರಿಗಳದನ್ನು 75 ಸಾವಿರದಿಂದ ಒಂದೂವರೆ ಲಕ್ಷಕ್ಕೂ ಏರಿಸುವ ವಿಧೇಯಕಗಳು ಚರ್ಚೆಯಿಲ್ಲದೆ ಅಂಗೀಕಾರವಾದವು. ಅದೇ ದಿನ ವಿರೋಧ ಪಕ್ಷದ 18 ಶಾಸಕರು ಅಮಾನತುಗೊಂಡರು. 2022ರ ಫೆಬ್ರವರಿಯಲ್ಲಿ, ಮತ್ತೊಂದು ಪಕ್ಷದ ಆಡಳಿತದಲ್ಲಿ, ಸಂಬಳವು 25 ಸಾವಿರದಿಂದ 40 ಸಾವಿರಕ್ಕೆ ಏರಿದ್ದೂ ಇಂಥದೇ ಗದ್ದಲದಲ್ಲಿ. ಪಕ್ಷ ಬದಲಾದರೂ ಪದ್ಧತಿ ಬದಲಾಗಲಿಲ್ಲ.

ಎಂಬತ್ತು ಸಾವಿರ ಎಂದೊಡನೆ ನಮ್ಮ ಮನೆಗಳಲ್ಲಿ ಹುಬ್ಬೇರುವುದು ಸಹಜ. ಆದರೆ ಈ ಮೊತ್ತವೇ ಅನ್ಯಾಯವೆಂದು ನಾವು ಹೇಳಲಾರೆವು. ಒಂದು ಕ್ಷೇತ್ರಕ್ಕೆ ಸರಾಸರಿ ಎರಡು ಲಕ್ಷಕ್ಕೂ ಮಿಕ್ಕ ಮತದಾರರು. ಬೆಳಗಾದರೆ ಬಾಗಿಲಲ್ಲಿ ಜನ. ಆಸ್ಪತ್ರೆಯ ಬಿಲ್ಲು, ವರ್ಗಾವಣೆ, ಮದುವೆಯ ಆಮಂತ್ರಣ. (ಮದುವೆಗೆ ಬಾರದ ಶಾಸಕರನ್ನು ಕ್ಷಮಿಸದವರು ನಾವೇ ಅಲ್ಲವೆ?) ಇಂಗ್ಲೆಂಡಿನ ಸಂಸತ್ ಸದಸ್ಯರಿಗೆ 1911ರಲ್ಲಿ ವರ್ಷಕ್ಕೆ 400 ಪೌಂಡು ಗೊತ್ತುಪಡಿಸುವವರೆಗೆ ಅಲ್ಲಿ ಕೂಲಿಕಾರನೊಬ್ಬನು ಸ್ವಂತ ಬಲದಿಂದ ಸಂಸತ್ತಿನಲ್ಲಿ ಕುಳಿತು ಸಂಸಾರ ಸಾಗಿಸುವುದು ದುಸ್ತರವಾಗಿತ್ತು. ಸಂಬಳವಿಲ್ಲದ ಸೇವೆಯೆಂಬುದು ಕೇಳಲು ಇಂಪು, ಆದರೆ ಅದು ಉಳ್ಳವರಿಗೆ ಮಾತ್ರ ಸಾಧ್ಯ.

ಆದರೆ ಸಂಬಳ ಏರಿದಂತೆಲ್ಲ ಬಡವರು ಸದನಕ್ಕೆ ಬಂದರೆ? ಬರಲಿಲ್ಲ. 1952ರಲ್ಲಿ ಶಾಂತವೇರಿ ಗೋಪಾಲಗೌಡರು ಜನರಿತ್ತ ಅಲ್ಪಸ್ವಲ್ಪ ಹಣದಿಂದಲೇ ಗೆದ್ದು ಶಾಸಕರಾದರು. ಬಡತನದಲ್ಲಿಯೇ ಬದುಕಿ 1972ರಲ್ಲಿ ತೀರಿಕೊಂಡರು. 2023ರಲ್ಲಿ ಗೆದ್ದವರ ಪ್ರಮಾಣಪತ್ರಗಳನ್ನು ಪರಿಶೀಲಿಸಿದ ಎ.ಡಿ.ಆರ್. ಸಂಸ್ಥೆಯ ಪ್ರಕಾರ ಅವರಲ್ಲಿ ಶೇ. 97ರಷ್ಟು ಮಂದಿ ಕೋಟ್ಯಧಿಪತಿಗಳು. ಒಂದು ಸಣ್ಣ ಲೆಕ್ಕ ಮಾಡೋಣ. ತಿಂಗಳಿಗೆ 80 ಸಾವಿರದಂತೆ ಐದು ವರ್ಷಕ್ಕೆ 48 ಲಕ್ಷ ರೂಪಾಯಿ. ವಿಧಾನಸಭೆಯ ಅಭ್ಯರ್ಥಿಯು ಕಾನೂನಿನಂತೆ ವೆಚ್ಚ ಮಾಡಬಹುದಾದ ಮಿತಿ 40 ಲಕ್ಷ. ಭತ್ಯೆಗಳು ಬೇರೆ ಇವೆ, ನಿಜ. ಆದರೂ ಐದು ವರ್ಷದ ಸಂಬಳವನ್ನು ಬಹುಪಾಲು ನುಂಗುವ ಚುನಾವಣೆಗೆ ಪ್ರಾಮಾಣಿಕನಾದ ಹಳ್ಳಿಯ ಮೇಷ್ಟ್ರು ಹೇಗೆ ನಿಂತಾನು? ಮಿತಿಯನ್ನು ಮೀರಿದ ಖರ್ಚಿನ ಮಾತನ್ನು ಇಲ್ಲಿ ಎತ್ತುವುದು ಬೇಡ.

ನಮ್ಮ ಆಕ್ಷೇಪ ಇರುವುದು ಬೇರೆಡೆ. ಸಂವಿಧಾನದ 195ನೆಯ ಅನುಚ್ಛೇದದಂತೆ ಶಾಸಕರ ಸಂಬಳವನ್ನು ಶಾಸಕಾಂಗವೇ ಕಾನೂನಿನ ಮೂಲಕ ಗೊತ್ತುಮಾಡುತ್ತದೆ. ದುಡಿಯುವವನೇ ತನ್ನ ಕೂಲಿ ಬರೆದುಕೊಳ್ಳುವ ಸೌಲಭ್ಯ ನಮ್ಮ ಹೊಲದಾಳಿಗಾಗಲಿ ಅಂಗನವಾಡಿ ಕಾರ್ಯಕರ್ತೆಗಾಗಲಿ ಇಲ್ಲ. ಇಂಗ್ಲೆಂಡಿನಲ್ಲಿ 2009ರ ಕಾಯಿದೆಯಿಂದ ಸ್ವತಂತ್ರ ಪ್ರಾಧಿಕಾರವೊಂದು ರಚಿತವಾಗಿದ್ದು, ಸದಸ್ಯರ ಸಂಬಳವನ್ನು ಈಗ ಅದೇ ನಿರ್ಧರಿಸುತ್ತದೆ. ಅಮೆರಿಕದಲ್ಲಿ 1992ರಲ್ಲಿ ಜಾರಿಗೆ ಬಂದ ಸಂವಿಧಾನ ತಿದ್ದುಪಡಿಯಂತೆ, ಸಂಸತ್ತು ತನ್ನ ಸದಸ್ಯರ ಸಂಬಳ ಏರಿಸಿದರೆ ಮುಂದಿನ ಚುನಾವಣೆ ಕಳೆದ ಬಳಿಕವೇ ಅದು ಕೈಗೆ ಬರತಕ್ಕದ್ದು. ಇದರಲ್ಲಿ ಒಂದನ್ನಾದರೂ ನಾವು ಅನುಸರಿಸಬಾರದೇಕೆ?

ಇನ್ನು ಕೆಲಸದ ಮಾತು. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು ಕರ್ನಾಟಕದಲ್ಲಿ 2005ರ ಕಾಯಿದೆಯೇ ಇದೆ. ಅದನ್ನು ಮಾಡಿದವರೂ ಶಾಸಕರೇ, ಬಹುಪಾಲು ವರ್ಷಗಳಲ್ಲಿ ಪಾಲಿಸದವರೂ ಅವರೇ. ಮುಂದಿನ ಜಾತ್ರೆಗೋ ಗದ್ದುಗೆಯ ಉತ್ಸವಕ್ಕೋ ತಮ್ಮ ಶಾಸಕರು ಬಂದಾಗ, ಹಾರ ಹಾಕಿದ ಮೇಲೆ, ಕಳೆದ ವರ್ಷ ಸದನ ಎಷ್ಟು ದಿನ ಸೇರಿತೆಂದು ವಾಚಕ ಬಂಧುಗಳು ವಿನಯದಿಂದಲೇ ಕೇಳಿ ನೋಡಬಹುದು.