ನಾಲ್ಕು ಕೋಟಿ ಕೊಟ್ಟರೂ ಸಿಗದ ಕರ್ನಾಟಕ ತಂಡ

ವಿಜಯಪುರ-ಸೊಲ್ಲಾಪುರ ಹೆದ್ದಾರಿ ಮೇಲಿನ ನಮ್ಮ ಹೊರ್ತಿಯಲ್ಲಿ ಹರಾಜು ಅಂದ್ರೆ ಯಾರಿಗೂ ಹೊಸದಲ್ಲ. ಇಂಡಿ ತಾಲೂಕಿನ ಲಿಂಬೆಗೆ ಜಿಐ ಟ್ಯಾಗ್ ಇದೆ, ಆದ್ರೆ ರೇಟು ಕಟ್ಟೋದು ಮಾರ್ಕೆಟ್‌ನಲ್ಲಿ ನಿಂತ ವ್ಯಾಪಾರಿ. ಚೀಲದ ಬಾಯಿ ಬಿಚ್ಚಿ, ಮೇಲಿನ ನಾಲ್ಕು ಕಾಯಿ ಹಿಚುಕಿ ನೋಡಿ, ಒಂದು ನಂಬರ್ ಹೇಳ್ತಾನೆ. ತಳದಲ್ಲಿ ಏನಿದೆ ಅಂತ ಗೊತ್ತಾಗೋದು ಆಮೇಲೆ.

ಹಾಕಿ ಆಟಗಾರರ ಹರಾಜೂ ಹೆಚ್ಚುಕಮ್ಮಿ ಹಿಂಗೇ ಅಂತ ನನಗೆ ಅರ್ಥ ಆಗಿದ್ದು ಐದು ಜನ ಗೆಳೆಯರು ಸೇರಿ ಒಂದು ನೋಟ್‌ಬುಕ್ ಲೀಗ್ ಶುರು ಮಾಡಿದ ಮೇಲೆ. ಹಿನ್ನೆಲೆ ಇಷ್ಟೇ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸ್ ಮಾಡಿತು, ದುಡ್ಡು ಕಟ್ಟಿ ಆಡೋ ಡ್ರೀಮ್11 ಥರದ ಆಟ ನಿಂತವು. (ಕರ್ನಾಟಕ ಇದನ್ನ 2021ರಲ್ಲೇ ಟ್ರೈ ಮಾಡಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದು ಮಾಡಿತು.) ನಮ್ಮಲ್ಲಿ ಇಬ್ಬರು ಅದರಲ್ಲಿ ಕಳಕೊಂಡದ್ದು ಸಾಕಷ್ಟಿತ್ತು, ಹಾಗಾಗಿ ನಿಂತದ್ದಕ್ಕೆ ನನಗೇನೂ ಬೇಜಾರಿಲ್ಲ. ಆದರೆ ಟೀಮ್ ಕಟ್ಟೋ ಚಟ ಹೋಗಬೇಕಲ್ಲ? ದುಡ್ಡಿಲ್ಲದೆ, ಆ್ಯಪ್ ಇಲ್ಲದೆ, ನಾವೇ ಜನರಲ್ ಮ್ಯಾನೇಜರ್ ಆಗಿ ಕೂತೆವು.

ಕ್ರಿಕೆಟ್ ಬೇಡ ಅಂತ ಮೊದಲೇ ತೀರ್ಮಾನ ಆಗಿತ್ತು, ಎಲ್ಲರಿಗೂ ಎಲ್ಲ ಗೊತ್ತು. ಹಾಕಿ ಇಂಡಿಯಾ ಲೀಗ್‌ನ 2024ರ ಅಕ್ಟೋಬರ್ ಹರಾಜನ್ನೇ ಮತ್ತೆ ಆಡಿದೆವು. ಫಲಿತಾಂಶ ಗೊತ್ತಿರೋ ಹರಾಜು, ಹಾಗಾಗಿ ಯಾರ ಲೆಕ್ಕ ಸರಿ ಅಂತ ತೂಗಿ ನೋಡಬಹುದು. ನಿಯಮವೂ ಅದೇ: ಪುರುಷರ ತಂಡಕ್ಕೆ ನಾಲ್ಕು ಕೋಟಿ ಪರ್ಸ್, 24 ಆಟಗಾರರು, ಅದರಲ್ಲಿ ವಿದೇಶಿಯರು 8, ಭಾರತೀಯರು ಕನಿಷ್ಠ 16, ಆ ಹದಿನಾರರಲ್ಲಿ ನಾಲ್ವರು ಜೂನಿಯರ್ ಕಡ್ಡಾಯ. ಮೂಲಬೆಲೆ ಹತ್ತು, ಐದು, ಎರಡು ಲಕ್ಷ.

ನಿಜವಾದ ಹರಾಜಿನಲ್ಲಿ ಅತಿ ದುಬಾರಿ ಆಗಿದ್ದು ಹರ್ಮನ್‌ಪ್ರೀತ್ ಸಿಂಗ್, ಸೂರ್ಮಾ ಕ್ಲಬ್ 78 ಲಕ್ಷ ಕೊಟ್ಟಿತು. ಪರ್ಸಿನ ಸುಮಾರು ಐದನೇ ಒಂದು ಭಾಗ ಒಬ್ಬನಿಗೇ. ಹೆಚ್ಚಾಯ್ತಾ? ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತ ಹೊಡೆದ 15 ಗೋಲುಗಳಲ್ಲಿ 10 ಆತನವು. ಹಾಗೆ ನೋಡಿದ್ರೆ ಅಗ್ಗ. ನಾನು ನಮ್ಮ ನೋಟ್‌ಬುಕ್‌ನಲ್ಲಿ ಹುರುಪಿಗೆ ಬಿದ್ದು 95 ಲಕ್ಷದ ತನಕ ಹೋದೆ. ಉಳಿದ 23 ಜನಕ್ಕೆ ತಲಾ ಹದಿಮೂರು ಲಕ್ಷ ಚಿಲ್ಲರೆ ಉಳೀತು. ಮಿಡ್‌ಫೀಲ್ಡ್ ಕಟ್ಟೋ ಹೊತ್ತಿಗೆ ನನ್ನ ಪರ್ಸ್ ಬಡವಾಗಿತ್ತು, ಹಾರ್ದಿಕ್ ಸಿಂಗ್ (ನಿಜ ಬೆಲೆ 70 ಲಕ್ಷ, ಯುಪಿ ರುದ್ರಾಸ್) ಕಡೆ ನೋಡೋಕೂ ಆಗಲಿಲ್ಲ.

ಈಗ ಕಪ್ ಗೆದ್ದವರ ಲೆಕ್ಕ ನೋಡಿ. ಶ್ರಾಚಿ ರಾಢ್ ಬೆಂಗಾಲ್ ಟೈಗರ್ಸ್ ಅಭಿಷೇಕ್‌ಗೆ 72 ಲಕ್ಷ, ಡ್ರ್ಯಾಗ್ ಫ್ಲಿಕರ್ ಜುಗರಾಜ್ ಸಿಂಗ್‌ಗೆ 48 ಲಕ್ಷ ಕೊಟ್ಟಿತು. ಹರ್ಮನ್‌ಪ್ರೀತ್‌ಗಿಂತ 30 ಲಕ್ಷ ಕಡಿಮೆಗೆ ಅದೇ ಕೆಲಸ ಮಾಡೋನು. 2025ರ ಫೆಬ್ರವರಿ 1ರಂದು ರೂರ್ಕೆಲಾದಲ್ಲಿ ಫೈನಲ್. ಟೈಗರ್ಸ್ ಹೈದರಾಬಾದ್ ಟೂಫಾನ್ಸ್ ವಿರುದ್ಧ 4-3ರಿಂದ ಗೆದ್ದಿತು. ಜುಗರಾಜ್ ಮೂರು ಗೋಲು, ಆ ಕಡೆ 68 ಲಕ್ಷದ ಗೊನ್ಸಾಲೊ ಪೆಯ್ಯಾ ಎರಡು. ಏಳರಲ್ಲಿ ಐದು ಗೋಲು ಇಬ್ಬರು ಫ್ಲಿಕರ್‌ಗಳದ್ದು. ಪೆನಾಲ್ಟಿ ಕಾರ್ನರ್ ಹೊಡೆಯೋನೇ ಹರಾಜಿನ ರಾಜ ಅನ್ನೋದು ಖರೆ, ಆದ್ರೆ ರಾಜನ ಬದಲು ಮಂತ್ರಿಯನ್ನ ಕೊಂಡರೂ ನಡೀತದೆ. ನಿಯಮ ಬದಲಾದರೆ ಈ ಲೆಕ್ಕವೂ ಬದಲಾಗುತ್ತೆ: ಇದೇ ಲೀಗ್ 2016ರಲ್ಲಿ ಫೀಲ್ಡ್ ಗೋಲಿಗೆ ಎರಡು ಗೋಲಿನ ಬೆಲೆ ಕೊಟ್ಟಿತ್ತು. ಆಗ ಫಾರ್ವರ್ಡ್ ಕೊಳ್ಳದವನು ಮೂರ್ಖ.

ಇಷ್ಟೆಲ್ಲ ಮಜವಾಗೇ ಇತ್ತು. ಎಡವಟ್ಟು ಮಾಡಿದ್ದು ನಮ್ಮಲ್ಲೊಬ್ಬ ಗೆಳೆಯ. "ನಾ ಕನ್ನಡದವರ ಟೀಮ್ ಕಟ್ಟತೀನಿ, ಅರ್ಧಾದ್ರೂ ನಮ್ಮವ್ರು ಇರಬೇಕು ನೋಡ್ರಿ" ಅಂದ. ಆಗಲಿ ಅಂದೆವು. ಬೆಂಗಳೂರಿನ ಮೊಹಮ್ಮದ್ ರಾಹೀಲ್ ಹೆಸರು ಬರೆದ. ಆಮೇಲೆ ಪೆನ್ನು ನಿಂತೇ ಬಿಡ್ತು. ಮೊಬೈಲ್ ತೆಗೆದು ಹುಡುಕಿದ, ಇನ್ನಷ್ಟು ಹುಡುಕಿದ. ಎಂಟು ಹೆಸರು ಮಾಡೋದು ದೂರ, ಮೊದಲ ಹನ್ನೊಂದರಲ್ಲಿ ಕಣ್ಣುಮುಚ್ಚಿ ಇಡಬಹುದಾದ ಎರಡನೇ ಹೆಸರಿಗೇ ಒದ್ದಾಡಿದ.

ಅವನ ಹುಡುಕಾಟ ದಡ್ಡತನ ಅಲ್ಲ. 2016ರ ರಿಯೊ ಒಲಿಂಪಿಕ್ಸ್ ತಂಡದ 16 ಜನರಲ್ಲಿ ನಾಲ್ವರು ಕರ್ನಾಟಕದವರು: ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ. 41 ವರ್ಷಗಳ ನಂತರ ಪದಕ ಬಂದ ಟೋಕಿಯೊದಲ್ಲಿ ಒಬ್ಬರೂ ಇಲ್ಲ. ಪ್ಯಾರಿಸ್‌ನಲ್ಲೂ ಇಲ್ಲ. 2013ರ ಮೊದಲ ಹಾಕಿ ಲೀಗ್ ಹರಾಜಿನಲ್ಲಿ ಸರ್ದಾರ್ ಸಿಂಗ್ 78 ಸಾವಿರ ಡಾಲರ್‌ಗೆ ಹೋದಾಗ ಕೊಡಗಿನ ರಘುನಾಥ್ 76 ಸಾವಿರಕ್ಕೆ ಹೋಗಿದ್ದರು. ಆ ದಿನ ಹರಾಜು ಕಟ್ಟೆಯಲ್ಲಿ ನಮ್ಮ ಸರಕಿಗೆ ಆ ರೇಟಿತ್ತು.

ಇನ್ನೂ ವಿಚಿತ್ರ ಅಂದ್ರೆ, ರಾಷ್ಟ್ರೀಯ ತಂಡದ ಶಿಬಿರ ನಡೆಯೋದೇ ಬೆಂಗಳೂರಿನ ಸಾಯ್ ಕೇಂದ್ರದಲ್ಲಿ. ಒಲಿಂಪಿಕ್ ಪದಕ ತಂದವರು ಓಡಿ ಬೆವರು ಸುರಿಸಿದ ಟರ್ಫ್ ನಮ್ಮ ನೆಲದ್ದು, ಓಡಿದವರು ಪಂಜಾಬ್, ಹರಿಯಾಣ, ಒಡಿಶಾ, ಮಣಿಪುರದವರು. ಇದರಲ್ಲಿ ಹೊಟ್ಟೆಕಿಚ್ಚು ಪಡೋದೇನಿಲ್ಲ. ಆದ್ರೆ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಬಂದ ರಾಜ್ಯ ಎಲ್ಲಿ ನಿಂತಿತು ಅಂತ ಕೇಳಲೇಬೇಕು.

"ಕರ್ನಾಟಕಕ್ಕೊಂದು ಫ್ರಾಂಚೈಸಿ ಬೇಕು" ಅನ್ನೋದು ಸುಲಭದ ಉತ್ತರ. ನನಗೆ ಅದರಲ್ಲಿ ನಂಬಿಕೆ ಇಲ್ಲ. 2012ರ ವರ್ಲ್ಡ್ ಸೀರೀಸ್ ಹಾಕಿಯಲ್ಲಿ ಅರ್ಜುನ್ ಹಾಲಪ್ಪ ನಾಯಕತ್ವದ ಕರ್ನಾಟಕ ಲಯನ್ಸ್ ಇತ್ತು, ಆ ಟೂರ್ನಿಯೇ ಒಂದು ಸೀಸನ್‌ಗೆ ಮುಗೀತು. ಹೈದರಾಬಾದ್, ತಮಿಳುನಾಡಿನ ಹೆಸರಿನ ತಂಡಗಳು ಈಗ ಇವೆ, ಆದರೆ 2024-25ರಲ್ಲಿ ಪುರುಷರ ಪಂದ್ಯ ನಡೆದದ್ದು ರೂರ್ಕೆಲಾ, ರಾಂಚಿಯಲ್ಲಿ. ಜೆರ್ಸಿ ಮೇಲೆ ಊರಿನ ಹೆಸರು ಬರೆಸೋಕೆ ದುಡ್ಡಿದ್ದರೆ ಸಾಕು.

ನಾನು ನೋಡೋದು ಆ ಜೂನಿಯರ್ ನಿಯಮವನ್ನ. ಎಂಟು ತಂಡ, ತಲಾ ನಾಲ್ಕು, ಅಂದ್ರೆ 32 ಜಾಗ. ಹರಾಜು ಅನ್ನೋದು ಇವತ್ತಿನ ಕಾಯಿಗೆ ಬೆಲೆ ಕಟ್ಟುತ್ತೆ, ಈ 32 ಜಾಗ ಮಾತ್ರ ನಾಳಿನದಕ್ಕೆ. ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್‌ನಲ್ಲಿ ಇದಕ್ಕೇ ಬೇರೆ ವ್ಯವಸ್ಥೆ ಇದೆ, ಡ್ರಾಫ್ಟ್. ಹದಿನೆಂಟರ ಹುಡುಗರನ್ನ ಸರದಿ ಪ್ರಕಾರ ಆರಿಸೋದು, ಹಿಂದಿನ ವರ್ಷ ಸೋತವರಿಗೆ ಮೊದಲಿನ ಸರದಿ, ಸ್ವಲ್ಪ ಲಾಟರಿ ಸೇರಿಸಿ. ಅಲ್ಲೂ ಅಂದಾಜು ತಪ್ಪುತ್ತೆ: 2012ರಲ್ಲಿ ಮೊದಲಿಗನಾಗಿ ಆಯ್ಕೆಯಾದ ನೈಲ್ ಯಾಕುಪೊವ್ ಏನೂ ಆಗಲಿಲ್ಲ, 1998ರಲ್ಲಿ 171ನೆಯವನಾಗಿ ಡೆಟ್ರಾಯ್ಟ್ ಎತ್ತಿಕೊಂಡ ಪಾವೆಲ್ ದತ್ಸ್ಯುಕ್ ದಂತಕಥೆ ಆದ. ಡೆಟ್ರಾಯ್ಟ್‌ಗೆ ಅದೃಷ್ಟವೂ ಇತ್ತು, ಆದರೆ ಬೇರೆಯವರು ಹೋಗದ ಊರಿಗೆ ಹೋಗಿ ನೋಡುವ ಜನರನ್ನೂ ಅದು ಇಟ್ಟಿತ್ತು.

ಹಿಂದುಳಿದವನಿಗೆ ಮೊದಲ ಸರದಿ. ಈ ತತ್ವ ನಮಗೆ ಗೊತ್ತಿಲ್ಲದ್ದಲ್ಲ. ನಂಜುಂಡಪ್ಪ ವರದಿ 114 ಹಿಂದುಳಿದ ತಾಲೂಕುಗಳನ್ನ ಗುರುತಿಸಿದ್ದು ಅದಕ್ಕೇ, 371(ಜೆ) ಬಂದದ್ದೂ ಅದಕ್ಕೇ. ಭೀಮಾ ದಾಟಿ ಅಫಜಲಪುರಕ್ಕೆ ಹೋದರೆ 371(ಜೆ) ಇದೆ, ಈ ದಡದ ಇಂಡಿಗೆ ಇಲ್ಲ, ಅದು ಬೇರೆ ಜಗಳ. ಆದರೆ ಆಟದ ಮೈದಾನಕ್ಕೆ ಈ ತತ್ವ ಯಾರೂ ತರಲೇ ಇಲ್ಲ. ನಾನು ಓದಿದ ಶಾಲೆಯಲ್ಲಿ ಕಬಡ್ಡಿ ಇತ್ತು, ಖೊ ಖೊ ಇತ್ತು. ಹಾಕಿ ಸ್ಟಿಕ್ ಕೈಯಲ್ಲಿ ಹಿಡಿದಿದ್ದು ಇಪ್ಪತ್ತು ದಾಟಿದ ಮೇಲೆ.

ಒಡಿಶಾ 2018ರಲ್ಲಿ ರಾಷ್ಟ್ರೀಯ ತಂಡಗಳ ಪ್ರಾಯೋಜಕತ್ವ ವಹಿಸಿಕೊಂಡಾಗ ಇಲ್ಲಿ ಕೆಲವರು ಪ್ರಚಾರದ ಗಿಮಿಕ್ ಅಂದಿದ್ದರು. ಜೊತೆಗೆ ಅವರು ಸುಂದರ್‌ಗಢ ಜಿಲ್ಲೆಯ 17 ಬ್ಲಾಕ್‌ಗಳಿಗೂ ಟರ್ಫ್ ಕೊಡೋ ಯೋಜನೆ ಹಾಕಿದರು. ಆದಿವಾಸಿ ಹಳ್ಳಿಗಳಲ್ಲಿ ಮೊದಲೇ ಆಡ್ತಿದ್ದ ಆಟಕ್ಕೆ ಸರ್ಕಾರ ನೆಲ ಹಾಸಿತು, ಅಷ್ಟೇ. ತಮಿಳುನಾಡು ಡ್ರ್ಯಾಗನ್ಸ್ 48 ಲಕ್ಷಕ್ಕೆ ಕೊಂಡ ಅಮಿತ್ ರೋಹಿದಾಸ್ ಆ ಜಿಲ್ಲೆಯವನು.

ನಮ್ಮಲ್ಲಿ ಆಡೋ ಜನ ಇಲ್ಲವಾ? ಕೊಡಗಿನಲ್ಲಿ 1997ರಲ್ಲಿ 60 ಕುಟುಂಬಗಳಿಂದ ಶುರುವಾದ ಕೊಡವ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಕಂಡಿತು. ಅಲ್ಲಿ ಹರಾಜೂ ಇಲ್ಲ, ಡ್ರಾಫ್ಟೂ ಇಲ್ಲ, ಹುಟ್ಟಿದ ಮನೆಯೇ ತಂಡ. ಅಜ್ಜನೂ ಆಡ್ತಾನೆ, ಮೊಮ್ಮಗಳೂ ಆಡ್ತಾಳೆ. ಅಷ್ಟು ಜನ ಸ್ಟಿಕ್ ಹಿಡಿಯೋ ಜಿಲ್ಲೆಯಿಂದ ಎರಡು ಒಲಿಂಪಿಕ್ಸ್‌ಗೆ ಒಬ್ಬ ಆಟಗಾರನೂ ಪುರುಷರ ತಂಡಕ್ಕೆ ಬರಲಿಲ್ಲ ಅಂದ್ರೆ ಮಧ್ಯದಲ್ಲಿ ಎಲ್ಲೋ ಪೈಪ್ ಒಡೆದಿದೆ. ಇತ್ತ ಗದಗ-ಬೆಟಗೇರಿ, ಹುಬ್ಬಳ್ಳಿಯಲ್ಲೂ ಹಾಕಿ ಆಡೋ ಓಣಿಗಳಿವೆ. ಬೆಂಗಳೂರಿನ ಆಯ್ಕೆದಾರರು ಅಲ್ಲಿಗೆ ಬರೋದು ಎಷ್ಟು ಸಲ?

ಕ್ರೀಡಾ ಇಲಾಖೆ ಮತ್ತು ಹಾಕಿ ಕರ್ನಾಟಕ ಒಂದು ಸಣ್ಣ ಕೆಲಸ ಮಾಡಲಿ. ರಾಜ್ಯದ ಸಬ್ ಜೂನಿಯರ್, ಜೂನಿಯರ್ ತಂಡಗಳಿಗೆ ಕಳೆದ ಹತ್ತು ವರ್ಷದಲ್ಲಿ ಆಯ್ಕೆಯಾದವರು ಯಾವ ಜಿಲ್ಲೆಯವರು, ಅವರಲ್ಲಿ ಎಷ್ಟು ಜನ ಇನ್ನೂ ಆಡ್ತಿದ್ದಾರೆ, ಬಿಟ್ಟವರು ಯಾಕೆ ಬಿಟ್ಟರು, ಇದನ್ನ ಜಿಲ್ಲಾವಾರು ಪ್ರಕಟಿಸಲಿ. ನಮ್ಮ ಗೆಳೆಯನಂತೂ ತನ್ನ ಪರ್ಸಿನಲ್ಲಿ ಉಳಿದ ಮೂರು ಕೋಟಿ ಚಿಲ್ಲರೆ ಹಾಗೇ ಇಟ್ಟುಕೊಂಡು ಕೂತಿದ್ದಾನೆ. "ಯಾರ ಮ್ಯಾಲ ಹಾಕ್ಲಿ ಹೇಳ್ರೋ" ಅಂತ ದಿನಾ ಮೆಸೇಜ್ ಮಾಡ್ತಾನೆ.