ನೀರೊಳಗಿನ ಪೆಟ್ಟಿಗೆ ಬೆಳಕಿನ ಅಳತೆಗೋಲು

ಉಬ್ರಾಣಿ ಸೀಮೆಯ ಊರ ಕೆರೆಯಾಗಲಿ, ಚನ್ನಗಿರಿಯ ಸೂಳೆಕೆರೆಯಾಗಲಿ, ನೀರಿನಲ್ಲಿ ಸಿಡಿಮದ್ದು ಸಿಡಿದರೆ ಚೂರೊಂದೂ ತಾಗದ ಮೀನುಗಳು ಸತ್ತು ತೇಲುತ್ತವೆ. ಹೀಗೆ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯಿದೆಯೇ ನಿಷೇಧಿಸಿತ್ತು. ಮೀನುಗಳನ್ನು ಕೊಲ್ಲುವುದು ಆಘಾತ ತರಂಗ. ಶಬ್ದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ. ಈ ತರಂಗದ ವೇಗ ಅದಕ್ಕಿಂತಲೂ ಹೆಚ್ಚು. ಅದರ ಹೊಡೆತಕ್ಕೆ ಮೀನಿನ ಒಡಲಿನ ಗಾಳಿಚೀಲ ಒಡೆಯುತ್ತದೆ.

ಕೊಲ್ಲುವ ಈ ಪೆಟ್ಟೇ ಹದ ತಿಳಿದು ಬಳಸಿದರೆ ಮದ್ದಾಗುತ್ತದೆ. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ವೈದ್ಯ ಕ್ರಿಶ್ಚಿಯನ್ ಚೌಸ್ಸಿ ಮತ್ತು ಸಂಗಡಿಗರು ರೋಗಿಯನ್ನು ನೀರಿನ ತೊಟ್ಟಿಯಲ್ಲಿರಿಸಿ, ಕತ್ತಿ ಸೋಕಿಸದೆ ಮೂತ್ರಪಿಂಡದ ಕಲ್ಲನ್ನು ಪುಡಿ ಮಾಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಜಗದೀಶ್, ದೀಪಶಿಖಾ ಚಕ್ರವರ್ತಿ ಮತ್ತು ಸಂಗಡಿಗರು ಪುಟ್ಟ ಆಘಾತ ತರಂಗಗಳಿಂದ ಇಲಿಗಳಿಗೆ ಸೂಜಿಯಿಲ್ಲದೆ ಲಸಿಕೆ ಕೊಟ್ಟ ಪ್ರಯೋಗವನ್ನು 2011ರಲ್ಲಿ ಪ್ರಕಟಿಸಿದರು.

ಆದರೆ ಹದ ತಿಳಿಯುವುದು ಹೇಗೆ? ಪೆಟ್ಟು ಕಡಿಮೆಯಾದರೆ ಕಲ್ಲು ಒಡೆಯದು. ಹೆಚ್ಚಾದರೆ ಮೂತ್ರಪಿಂಡಕ್ಕೇ ಗಾಯ. ಒತ್ತಡ ವಾಯುಮಂಡಲದ ಒತ್ತಡದ ನೂರಾರು ಪಟ್ಟು ಏರಿ, ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಬೆನ್ನಿಗೇ ಬರುವ ಸೆಳೆತಕ್ಕೆ ನೀರಿನಲ್ಲಿ ಗುಳ್ಳೆಗಳೆದ್ದು ಒಡೆದು, ಸೂಕ್ಷ್ಮ ಮಾಪಕಗಳನ್ನೇ ಹಾಳುಗೆಡವುತ್ತವೆ.

ಇದಕ್ಕೆ ಜರ್ಮನಿಯ ಸ್ಟೌಡನ್‌ರೌಸ್ ಮತ್ತು ಐಸನ್‌ಮೆಂಗರ್ 1993ರಲ್ಲಿ ಸರಳ ಉಪಾಯವೊಂದನ್ನು ಮಂಡಿಸಿದರು. ಅವರ ಮಾಪಕ, ಕೂದಲೆಳೆಯಷ್ಟು ತೆಳ್ಳಗಿನ ಗಾಜಿನ ದ್ಯುತಿತಂತು. ಅದರ ತುದಿ ನೀರಿನಲ್ಲಿರುತ್ತದೆ. ಇನ್ನೊಂದು ತುದಿಯಿಂದ ಲೇಸರ್ ಬೆಳಕು ಹರಿಯುತ್ತದೆ. ಗಾಜು ಮತ್ತು ನೀರು ಕೂಡುವಲ್ಲಿ ಬೆಳಕಿನ ಸಾವಿರ ಪಾಲಿನಲ್ಲಿ ಸುಮಾರು ಎರಡು ಪಾಲು ಮಾತ್ರ ಹಿಂದಿರುಗುತ್ತದೆ. ಗಾಜಿನ ವಕ್ರೀಭವನಾಂಕ ಸುಮಾರು 1.46, ನೀರಿನದು 1.33. ಆಘಾತ ತರಂಗ ಬಂದಾಗ ನೀರು ಅದುಮಿಕೊಂಡು ಅದರ ವಕ್ರೀಭವನಾಂಕ ಏರುತ್ತದೆ. ಗಾಜಿಗೂ ನೀರಿಗೂ ಇರುವ ಅಂತರ ತಗ್ಗಿ, ಹಿಂದಿರುಗುವ ಬೆಳಕು ಮಂಕಾಗುತ್ತದೆ. ಸೆಳೆತ ಬಂದರೆ ಪ್ರಖರವಾಗುತ್ತದೆ. ಈ ಏರಿಳಿತವೇ ಒತ್ತಡದ ಲೆಕ್ಕ ಹೇಳುತ್ತದೆ. ತುದಿ ಮುರಿದರೂ ಚಿಂತೆಯಿಲ್ಲ. ತಂತುವನ್ನು ಹೊಸದಾಗಿ ಕತ್ತರಿಸಿದರಾಯಿತು.

ಇದರ ತತ್ವವನ್ನು ವಿದ್ಯಾರ್ಥಿಗಳು ಮನೆಯಲ್ಲೇ ಕಾಣಬಹುದು. ಶುಭ್ರವಾದ ಗಾಜಿನ ಕಡ್ಡಿಯೊಂದನ್ನು ಬೆಳಕಿಗೆ ಹಿಡಿಯಿರಿ, ಹೊಳೆಯುತ್ತದೆ. ನೀರು ತುಂಬಿದ ಲೋಟದಲ್ಲಿ ಮುಳುಗಿಸಿ, ಹೊಳಪು ಇಳಿಯುತ್ತದೆ. ಗಾಳಿಗಿಂತ ನೀರಿನ ವಕ್ರೀಭವನಾಂಕ ಗಾಜಿನದಕ್ಕೆ ಹತ್ತಿರವಾದದ್ದೇ ಅದಕ್ಕೆ ಕಾರಣ. ಆಘಾತ ತರಂಗ ನೀರನ್ನು ಅದುಮಿ, ಆ ಹತ್ತಿರವನ್ನು ಇನ್ನಷ್ಟು ಹೆಚ್ಚಿಸುತ್ತದೆ, ಅಷ್ಟೇ.